ಬಾನೆಟ್ ಎತ್ತಿದರೆ ನೆಲ ಕಾಣಬೇಕು

ಪ್ರೀಮಿಯರ್ ಪದ್ಮಿನಿಯ ಬಾನೆಟ್ ಎತ್ತಿ ಬಗ್ಗಿ ನೋಡಿದರೆ ಎಂಜಿನ್ನಿನ ಆಚೀಚೆ ನೆಲ ಕಾಣುತ್ತದೆ. ಈ ಹಳೇ ಕಾರಿನಲ್ಲಿ ಅಂಥದ್ದೇನಿದೆ ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಕಾರ್ಬ್ಯುರೇಟರ್, ಡೈನಮೋ, ಪೆಟ್ರೋಲ್ ಪಂಪು ಯಾವುದನ್ನೂ ಹುಡುಕಬೇಕಿಲ್ಲ, ಕೈ ಇಳಿಸಿದರೆ ಸಿಗುತ್ತವೆ. ಪಾನಾ ತಿರುಗಿಸಲು ಜಾಗವಿದೆ, ಬಿದ್ದ ನಟ್ಟು ಸೀದಾ ನೆಲಕ್ಕೆ ಬೀಳುತ್ತದೆ, ಎತ್ತಿಕೊಂಡರಾಯಿತು. ಯಾವ ಭಾಗ ಏನು ಮಾಡುತ್ತದೆ ಎಂಬುದು ಸ್ವಲ್ಪ ಹೊತ್ತು ದಿಟ್ಟಿಸಿದರೆ ತಾನಾಗಿ ತಿಳಿಯುತ್ತದೆ. ನಾಲ್ಕು ಸಿಲಿಂಡರು, 1,089 ಸಿಸಿ, ನಲವತ್ತರ ಆಸುಪಾಸಿನ ಅಶ್ವಶಕ್ತಿ. ಮನುಷ್ಯನ ಕಣ್ಣು, ಕೈ, ಕಿವಿ ಮೂರೂ ಸೇರಿ ಪೂರ್ತಿ ಅರ್ಥಮಾಡಿಕೊಳ್ಳಬಹುದಾದ ಯಂತ್ರ ಇದು. ಕಲಬುರಗಿ ಬಳಿಯ ಮಹಾಗಾಂವದ ನಮ್ಮ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಇದರ ಜೊತೆ ಕಳೆದ ಭಾನುವಾರಗಳಷ್ಟು ತೃಪ್ತಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಈ ಕಾರಿನ ವಂಶ ಇಟಲಿಯದು. ಇದನ್ನು ಭಾರತದಲ್ಲಿ ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಕಟ್ಟಿದ ವಾಲ್‌ಚಂದ್ ಹೀರಾಚಂದ್ ಮಾತ್ರ ನಮ್ಮ ಪಕ್ಕದ ಸೊಲ್ಲಾಪುರದಲ್ಲಿ, ಸಿದ್ಧರಾಮನ ಸೊನ್ನಲಿಗೆಯಲ್ಲಿ, 1882ರಲ್ಲಿ ಹುಟ್ಟಿದವರು. 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದವರೂ ಅವರೇ. ಅದೇ ಮುಂದೆ ಎಚ್‌ಎಎಲ್ ಆಯಿತು. ಮುಂಬೈಯ ಕುರ್ಲಾದಲ್ಲಿದ್ದ ಅವರ ಕಾರು ಕಾರ್ಖಾನೆಯಲ್ಲಿ 1950ರ ದಶಕದಲ್ಲಿ ಫಿಯೆಟ್ 1100 ಶುರುವಾಯಿತು. 1964ರಲ್ಲಿ ಅದು ಡಿಲೈಟ್ ಆಯಿತು, 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್, 1974ರಲ್ಲಿ ಪದ್ಮಿನಿ. ಹೆಸರು ಎಷ್ಟು ಬದಲಾದರೂ ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ಫಿಯೆಟ್ಟೇ. 2000ದ ಆಸುಪಾಸಿನಲ್ಲಿ ತಯಾರಿಕೆ ನಿಂತಿತು. 2023ರ ಅಕ್ಟೋಬರ್ ಕೊನೆಗೆ ಮುಂಬೈ ಬೀದಿಗಳಿಂದ ಕಪ್ಪು–ಹಳದಿ ಪದ್ಮಿನಿ ಟ್ಯಾಕ್ಸಿಗಳೂ ಮರೆಯಾದವು. ಆ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಕುರ್ಲಾದ ಗುಜರಿ ಪೇಟೆಯಲ್ಲಿ ಸಾಮಾನಿಗೆ ಬರವಿರಲಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋಗಿ, ಚೀಲದಲ್ಲಿ ವಾಟರ್ ಪಂಪು, ಬಾಗಿಲ ಹಿಡಿಕೆ, ದೀಪದ ಗಾಜು ಹಾಕಿಕೊಂಡು ಕಲಬುರಗಿ ಸ್ಟೇಷನ್ನಿನಲ್ಲಿ ಇಳಿಯುವುದೂ ಈ ಹವ್ಯಾಸದ ಒಂದು ಸುಖವಾಗಿತ್ತು.

ನಮ್ಮದು 1978ರ ಗಾಡಿ. ಕಲಬುರಗಿಯ ದಾಲ್ ಮಿಲ್ ಮಾಲೀಕರೊಬ್ಬರಿಂದ ಅಪ್ಪ ಸೆಕೆಂಡ್ ಹ್ಯಾಂಡ್ ತಂದಿದ್ದರು. ತೊಗರಿ ಚೀಲ, ಮದುವೆಯ ಹೆಣ್ಣು, ಆಸ್ಪತ್ರೆಗೆ ಹೋಗುವ ಬಾಣಂತಿ, ಎಲ್ಲರನ್ನೂ ಹೊತ್ತು ದಣಿದು ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿತ್ತು. ಅಪ್ಪ ಹೋದಮೇಲೆ ಅದನ್ನು ಮತ್ತೆ ಓಡುವಂತೆ ಮಾಡುವ ಕೆಲಸ ಕೈಗೆತ್ತಿಕೊಂಡೆ.

ಹಳೆಯ ಕಾರನ್ನು ಬಿಚ್ಚುವುದು ಜೋಡಿಸುವುದರ ಅರ್ಧ. ನಮ್ಮ ಶೆಡ್ಡಿಗೆ ಶಹಾಬಾದ್ ಫರಸಿ ಹಾಸಿದೆ. ಅದರ ಮೇಲೆ ಸೀಮೆಸುಣ್ಣದಿಂದ ಚೌಕಗಳನ್ನು ಎಳೆದು, ಬಿಚ್ಚಿದ ಕ್ರಮದಲ್ಲೇ ಸಾಮಾನು ಇಡುತ್ತ ಹೋದೆ: ಎಡಗಡೆಯದು ಎಡಕ್ಕೆ, ಬಲಗಡೆಯದು ಬಲಕ್ಕೆ, ಪ್ರತಿ ಬೋಲ್ಟಿಗೂ ಅದರದೇ ವಾಷರು ಪೋಣಿಸಿ. ವಾರಗಳು ಕಳೆದಂತೆ ಇಡೀ ಕಾರು ನೆಲದ ಮೇಲೆ ನಕ್ಷೆಯಾಗಿ ಹರಡಿಕೊಂಡಿತು. ಅದರ ನಡುವೆ ನಡೆದಾಡುವಾಗ, ದಿನಾ ಕೂತು ಓಡಾಡಿದ ಗಾಡಿಯ ಒಳಗೆ ಎಷ್ಟು ಜನರ ಯೋಚನೆ ಅಡಗಿದೆ ಎಂದು ಗೊತ್ತಾಯಿತು.

ತುಕ್ಕು ಎಲ್ಲಿ ಕೂತಿದೆ ಎಂಬುದಕ್ಕೂ ಈ ನೆಲದ ಲೆಕ್ಕವಿದೆ. ಕರಾವಳಿಯ ಗಾಡಿಗಳನ್ನು ಉಪ್ಪುಗಾಳಿ ಎಲ್ಲ ಕಡೆಯಿಂದ ತಿನ್ನುತ್ತದೆ. ನಮ್ಮದು ಒಣ ಹವೆ, ಟಾಪು, ಬಾಗಿಲು, ಬಾನೆಟ್ ಗಟ್ಟಿಯಾಗಿಯೇ ಉಳಿದಿದ್ದವು. ಆದರೆ ಮಡ್‌ಗಾರ್ಡಿನ ಒಳಮಗ್ಗುಲಿಗೆ, ಬಾಗಿಲ ಕೆಳಗಿನ ಪಟ್ಟಿಯ ಸಂದಿಗೆ ಹೊಲದ ಎರೆಮಣ್ಣು ಹೊಕ್ಕು ಕೂತಿತ್ತು. ಎರೆಮಣ್ಣು ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಮಳೆಗಾಲದ ತೇವವನ್ನು ಚಳಿಗಾಲದವರೆಗೂ ಹಿಡಿದಿಟ್ಟುಕೊಂಡು ತಗಡನ್ನು ಒಳಗಿನಿಂದಲೇ ತಿಂದು ಹಾಕಿತ್ತು. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಹೀಗಾಗಿ ಆ ಪಟ್ಟಿ ಸೊರಗಿದರೆ ಗಾಡಿಯ ಬೆನ್ನೆಲುಬೇ ಸೊರಗಿದಂತೆ.

ಆ ತುಕ್ಕು ತೆಗೆದು ತಗಡು ಕೂರಿಸುವ ಕೆಲಸಕ್ಕೆ ಕಲಬುರಗಿಯಿಂದ ಒಬ್ಬ ಹಿರಿಯ ಟಿಂಕರ್ ಉಸ್ತಾದರು ಬಂದರು. ಅವರು ಮೊದಲು ಮಾಡಿದ್ದು ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬಡಿದು ನೋಡುವಂತೆ ಬೆರಳ ಗೆಣ್ಣಿನಿಂದ ಇಡೀ ಬಾಡಿಯನ್ನು ಬಡಿಯುತ್ತ ಒಂದು ಸುತ್ತು ಬಂದದ್ದು. ಠಣ್ ಎಂದಲ್ಲಿ ತಗಡು ಇದೆ, ಧಪ್ ಎಂದಲ್ಲಿ ಹಿಂದೆ ಯಾರೋ ಪುಟ್ಟಿ ತುಂಬಿದ್ದಾರೆ. ಧಪ್ ಎಂದ ಜಾಗಕ್ಕೆಲ್ಲ ಸೀಮೆಸುಣ್ಣದ ಗುರುತು ಬಿತ್ತು. ಹೊರಗಷ್ಟೇ ಮುಚ್ಚಿ ಬಣ್ಣ ಹೊಡೆದರೆ ಅಗ್ಗವಾಗುತ್ತದಲ್ಲ ಎಂದು ಪಕ್ಕದಲ್ಲಿದ್ದ ತಮ್ಮ ಕೇಳಿದ. ಉಸ್ತಾದರು ಸುತ್ತಿಗೆ ಕೆಳಗಿಟ್ಟರು. "ಪುಟ್ಟಿ ತುಂಬಿದ್ರ ಗಾಡಿ ಚಂದ ಕಾಣ್ತದ ಖರೆ, ಉಳ್ಯಂಗಿಲ್ಲ ನೋಡ್ರಿ" ಅಂದರು. ಕೊಳೆತ ತಗಡನ್ನು ಬೆಳ್ಳನೆ ಲೋಹ ಕಾಣುವವರೆಗೆ ಕತ್ತರಿಸಿ, ಅದೇ ದಪ್ಪದ ಹೊಸ ತಗಡು ಕೊಯ್ದು, ಹಿಂದೆ ಡಾಲಿ ಎಂಬ ಉಕ್ಕಿನ ಗಟ್ಟಿ ಹಿಡಿದು ಮುಂದೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಟ್ಟಿ ಬಾಗಿಸಿ, ಅಲ್ಲೊಂದು ಇಲ್ಲೊಂದು ಚುಕ್ಕೆ ಬೆಸುಗೆ ಹಾಕುತ್ತ ಹೋದರು. ಒಂದೇ ಕಡೆ ಉದ್ದಕ್ಕೆ ಬೆಸೆದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಎರಡು ಚುಕ್ಕೆಗಳ ನಡುವೆ ಅವರು ತಗಡು ತಣಿಯಲು ಕಾಯುತ್ತಿದ್ದ ಆ ಸುಮ್ಮನಿರುವಿಕೆಯಲ್ಲೇ ಅವರ ವಿದ್ಯೆ ಇತ್ತು.

ಎಂಜಿನ್ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಪಾಯಿಂಟ್ ಸೆಟ್ ಮಾಡುವುದು. ಬೋರಿಂಗ್ ಮಾಡಿಸಿ ಹೊಸ ಪಿಸ್ಟನ್, ರಿಂಗು ಕೂರಿಸುವುದು ಲೇತ್ ಅಂಗಡಿಯ ಕೆಲಸ. ಪಾಯಿಂಟ್ ಮಾತ್ರ ಮನೆಯ ಕೆಲಸ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆ ಉಗುರಿನಷ್ಟು ದೊಡ್ಡ ಎರಡು ಲೋಹದ ತುಟಿಗಳು. ಅವು ತೆರೆದ ಕ್ಷಣದಲ್ಲಿ ಕಾಯಿಲ್ಲಿನ ಕರೆಂಟು ಕಡಿದು ಪ್ಲಗ್ಗಿಗೆ ಕಿಡಿ ಹಾರುತ್ತದೆ. ಪ್ಲಗ್ ಬಿಚ್ಚಿಟ್ಟು, ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಅಂಗೈಯಿಂದ ತುಸುವೇ ಮುಂದಕ್ಕೆ ನೂಕಿದರೆ ಎಂಜಿನ್ ತಿರುಗುತ್ತದೆ. ಕ್ಯಾಮಿನ ಉಬ್ಬು ಪಾಯಿಂಟನ್ನು ಪೂರಾ ಎತ್ತಿದಲ್ಲಿ ನಿಲ್ಲಿಸಬೇಕು. ಆಗ ನಡುವಿನ ಸಂದಿ ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಇರಬೇಕು. ಫೀಲರ್ ಗೇಜಿನ ಎಲೆಯನ್ನು ತೂರಿಸಿ ಎಳೆದಾಗ ಅದು ಸಡಿಲವಾಗಿ ಜಾರಲೂಬಾರದು, ಸಿಕ್ಕಿಕೊಳ್ಳಲೂಬಾರದು. ಆ ಸಣ್ಣ ಬಿಗಿಯನ್ನು ಬೆರಳ ತುದಿಯೇ ಗುರುತಿಸಬೇಕು. ಆಮೇಲೆ ಒಂದು ಪುಟ್ಟ ಬಲ್ಬಿನ ಒಂದು ತಂತಿಯನ್ನು ಪಾಯಿಂಟಿಗೆ, ಇನ್ನೊಂದನ್ನು ಬಾಡಿಗೆ ಹಿಡಿದು, ಸ್ವಿಚ್ ಹಾಕಿ, ಗಾಡಿಯನ್ನು ಕೂದಲೆಳೆಯಷ್ಟು ನೂಕುತ್ತ ಹೋಗುವುದು. ಬಲ್ಬು ಹತ್ತಿದ ಜಾಗವೇ ಕಿಡಿ ಹಾರುವ ಜಾಗ. ಅದು ಪುಲ್ಲಿಯ ಮೇಲಿನ ಗುರುತಿಗೆ ಸರಿಯಾಗಿ ಕೂಡಬೇಕು. ಕೂಡಿದ ದಿನ, ಒಂದು–ಮೂರು–ನಾಲ್ಕು–ಎರಡು ಎಂಬ ತನ್ನ ಸರದಿಯಲ್ಲಿ ಎಂಜಿನ್ ಉಸಿರಾಡತೊಡಗುತ್ತದೆ. ಆ ಸದ್ದು ಕೇಳಿದರೆ ಒಲೆಯ ಮುಂದಿನ ಅವ್ವನೂ "ಹತ್ತಿತೇನೋ?" ಎಂದು ಹಿತ್ತಲಿಗೆ ಬಂದು ನಿಲ್ಲುತ್ತಾಳೆ.

ಇನ್ನು ನಮ್ಮ ಬೇಸಿಗೆ. ಇಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವುದು ಪ್ರತಿ ವರ್ಷದ ಮಾತು. ಪದ್ಮಿನಿಯ ಪೆಟ್ರೋಲ್ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿರುವುದರಿಂದ ಒಳಗಿನ ಪೆಟ್ರೋಲು ಕಾದು ಆವಿಯಾಗುತ್ತದೆ, ಪಂಪು ಆವಿಯನ್ನು ಎಳೆಯಲಾರದೆ ಗಾಡಿ ನಿಲ್ಲುತ್ತದೆ. ಹಳೆಯ ಡ್ರೈವರುಗಳೆಲ್ಲ ಬಲ್ಲ ಮದ್ದು ಒಂದೇ: "ಪಂಪಿಗಿ ಹಸಿ ಅರಿವಿ ಸುತ್ರಿ." ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತದೆ. ಅದರ ಜೊತೆಗೆ ನಾನು ಸೈಲೆನ್ಸರಿನ ಕಾವು ತಾಗದಂತೆ ಪಂಪಿಗೂ ಪೈಪಿಗೂ ಒಂದು ಅಲ್ಯೂಮಿನಿಯಂ ಮರೆ ಕಟ್ಟಿದ್ದೇನೆ. ರಬ್ಬರ್ ಪೈಪುಗಳನ್ನೂ ಪಂಪಿನ ಡಯಾಫ್ರಮ್ಮನ್ನೂ ಎಥೆನಾಲ್ ತಾಳುವಂಥವಕ್ಕೆ ಬದಲಿಸಿದ್ದೇನೆ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ, ಹಳೆಯ ರಬ್ಬರು ಅದಕ್ಕೆ ಉಬ್ಬಿ ಮೆತ್ತಗಾಗುತ್ತದೆ. ಎಥೆನಾಲ್ ತೇವವನ್ನು ಹೀರುವುದರಿಂದ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಬಿಡುವುದೂ ತರವಲ್ಲ. ಓಡುವ ಗಾಡಿಗೇ ಆರೋಗ್ಯ ಎಂಬ ಮಾತು ಈಗ ಮೊದಲಿಗಿಂತ ಹೆಚ್ಚು ನಿಜ.

ಹಾಗಾದರೆ ಹಳೆಯ ಕಾರಿನಲ್ಲಿ ಎಷ್ಟು ಬದಲಿಸಬಹುದು? ನೋಡಿದವರೆಲ್ಲ ಒಂದೊಂದು ಸಲಹೆ ಕೊಡುತ್ತಾರೆ: ಮಾರುತಿ ಎಂಜಿನ್ ಕೂರಿಸು, ಅಗಲದ ಟೈರು ಹಾಕು, ಟಾಪು ಕೊಯ್ದು ತೆರೆದ ಗಾಡಿ ಮಾಡು. ಕಾನೂನಿನ ಮಾತು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮನಬಂದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. ಕಂಪನಿಯ ಮೂಲ ವಿವರಕ್ಕೆ ಹೊರತಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ಮೂಲರೂಪ ಉಳಿಸಿಕೊಂಡ ಗಾಡಿಗೆ ವಿಂಟೇಜ್ ಎಂಬ ಮಾನ್ಯತೆ ಸಿಗುತ್ತದೆ. ನಮ್ಮ ಪದ್ಮಿನಿಗೆ ಆ ವಯಸ್ಸು 2028ರಲ್ಲಿ.

ಕಾನೂನು ಇಲ್ಲದಿದ್ದರೂ ನಾನು ಹಿಡಿಯುತ್ತಿದ್ದ ದಾರಿ ಇದೇ. ನನ್ನ ನಿಯಮಗಳು ಎರಡು. ಹಾಕಿದ್ದನ್ನು ಬಿಚ್ಚಿದರೆ ಗಾಡಿ ಮೊದಲಿನಂತಾಗಬೇಕು. ಹಾಕಿದ್ದು ಕೆಟ್ಟರೆ ಮಹಾಗಾಂವ ಕ್ರಾಸಿನಲ್ಲಿ ನಿಂತು ಸರಿಮಾಡುವಂತಿರಬೇಕು. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದೆ, ಎಂಜಿನ್ ನಿಧಾನ ತಿರುಗುವಾಗ ಡೈನಮೋ ಕೊಡುವ ಕರೆಂಟು ಸಾಲದು. ಹೆಡ್‌ಲೈಟಿಗೆ ರಿಲೇ ಹಾಕಿದೆ, ಹಳೆಯ ಸ್ವಿಚ್ಚಿನ ಮೇಲಿನ ಭಾರ ಇಳಿದು ಬೆಳಕು ಬೆಳ್ಳಗಾಯಿತು. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರುಗಳ ನಡುವೆ ರಾತ್ರಿ ಓಡಿಸಿದವರಿಗೆ ಆ ಬೆಳಕಿನ ಬೆಲೆ ಗೊತ್ತು. ನಾಲ್ಕೂ ಚಕ್ರದ ಡ್ರಮ್ ಬ್ರೇಕುಗಳನ್ನು ಹಾಗೇ ಇಟ್ಟು ಒಳಗಿನ ರಬ್ಬರು, ಲೈನರು, ಪೈಪು ಎಲ್ಲ ಹೊಸದು ಮಾಡಿದೆ. ಸೀಟ್ ಬೆಲ್ಟು ಹಾಕಿಸಿದೆ. ತೆಗೆದ ಡೈನಮೋ ಎಣ್ಣೆ ಬಟ್ಟೆ ಸುತ್ತಿಕೊಂಡು ಅಟ್ಟದ ಮೇಲೆ ಜೋಪಾನವಾಗಿದೆ.

ಎಲೆಕ್ಟ್ರಾನಿಕ್ ಇಗ್ನಿಷನ್ ಮಾತ್ರ ಒಲ್ಲೆನೆಂದೆ. ಅದು ಪಾಯಿಂಟಿಗಿಂತ ನಿಖರ ನಿಜ, ಕೆಡುವುದೂ ಕಡಿಮೆ. ಆದರೆ ಕೆಟ್ಟ ದಿನ ಅದೊಂದು ಮುಚ್ಚಿದ ಡಬ್ಬಿ, ಹೊಸದು ತರುವವರೆಗೆ ಕೈಕಟ್ಟಿ ಕೂರಬೇಕು. ಪಾಯಿಂಟಾದರೋ ಮಸಿ ಹಿಡಿದರೆ ಒಂದು ಚೂರು ಎಮರಿ ಕಾಗದದಿಂದ ಉಜ್ಜಿದರೆ ಸಾಕು, ಮನೆ ಮುಟ್ಟಿಸುತ್ತದೆ. ಬದಲಾವಣೆಗೂ ಹಾಳು ಮಾಡುವುದಕ್ಕೂ ನಡುವಿನ ಗೆರೆ ನನಗೆ ಇಲ್ಲೇ ಕಾಣುವುದು. ಗಾಡಿಯನ್ನು ಸುರಕ್ಷಿತ ಮಾಡುವುದೆಲ್ಲ ಬರಲಿ, ಅದನ್ನು ನಮ್ಮ ಕೈಯಿಂದ ಕಸಿದುಕೊಳ್ಳುವುದು ಮಾತ್ರ ಬೇಡ.

ಈಗ ಭಾನುವಾರ ಬೆಳಿಗ್ಗೆ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದವರೆಗೆ ಹೋಗಿ, ಅಲ್ಲಿಯ ಕೆಂಪು ಬಾಳೆಹಣ್ಣಿನ ಒಂದು ಗೊನೆ ಹಿಂದಿನ ಸೀಟಿಗೆ ಹಾಕಿಕೊಂಡು ಬರುವುದು ನಮ್ಮ ರೂಢಿ. ಸ್ಟಿಯರಿಂಗ್ ಪಕ್ಕದ ಗೇರನ್ನು ನೋಡಿ ಹುಡುಗರು ಮುತ್ತುತ್ತಾರೆ. "ಕಾಕಾ, ಗೇರ್ ಅಲ್ಲ್ಯಾಕ ಅದ? ಜರಾ ಬಾನೆಟ್ ತೆಗೀರಿ, ನೋಡ್ತೀವಿ." ತೆಗೆಯುತ್ತೇನೆ. ಪೆಟ್ರೋಲು ಎಲ್ಲಿಂದ ಬಂದು ಎಲ್ಲಿ ಗಾಳಿಯ ಜೊತೆ ಕೂಡುತ್ತದೆ, ಕಿಡಿ ಎಲ್ಲಿಂದ ಹಾರುತ್ತದೆ ಎಂದು ಬೆರಳಿಟ್ಟು ತೋರಿಸುತ್ತೇನೆ. ಅವರಲ್ಲಿ ಕೆಲವರು ಕಲಬುರಗಿಯ ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಓದುವವರು. ಸ್ಕ್ಯಾನರು ಹಿಡಿಯುವುದನ್ನು ಅಲ್ಲಿ ಕಲಿಯಲಿ, ನಾಳಿನ ಅನ್ನ ಅದರಲ್ಲಿದೆ. ಎಂಜಿನ್ನು ತನ್ನಷ್ಟಕ್ಕೆ ಏನು ಹೇಳುತ್ತದೆ ಎಂದು ಕೇಳಿಸಿಕೊಳ್ಳುವುದನ್ನು ಮಾತ್ರ ನಮ್ಮ ಹಿತ್ತಲಿನಲ್ಲಿ ಕಲಿಯಬಹುದು. ಹಿಂದಿನ ಪಾಟಾ (ಲೀಫ್ ಸ್ಪ್ರಿಂಗ್) ಬಿಚ್ಚಿ ಗ್ರೀಸ್ ಹಚ್ಚುವ ಕೆಲಸ ಇನ್ನೂ ಬಾಕಿ ಇದೆ. ಬರುವ ಭಾನುವಾರ ಯಾರು ಬೇಕಾದರೂ ಬನ್ನಿ, ಪಾನಾ ನನ್ನ ಬಳಿ ಸಾಕಷ್ಟಿವೆ.