ಮೊಡವೆ ಮತ್ತು ಮುಹೂರ್ತ

ಕನ್ನಡದಲ್ಲಿ ನೀಲಗಿರಿಯೆಂದರೆ ಬೆಟ್ಟವೂ ಹೌದು, ಮರವೂ ಹೌದು, ಎಣ್ಣೆಯೂ ಹೌದು. ಉದಕಮಂಡಲದ ನಮ್ಮ ಮನೆಯಲ್ಲಿ ನೆಗಡಿ, ಮಂಡಿನೋವು ಎಲ್ಲಕ್ಕೂ ಆ ಎಣ್ಣೆಯೇ ಮದ್ದು. ಮಗಳ ಮೊಡವೆಗಳಿಗೂ ನನ್ನ ತಾಯಿಯವರು ಅದನ್ನೇ ಸವರಿದರು. ಚರ್ಮ ಸುಟ್ಟಂತಾಗಿ ಹುಡುಗಿ ಮೂರು ದಿನ ಕಾಲೇಜಿಗೆ ಹೋಗಲಿಲ್ಲ. ಅವು ಸಾಧಾರಣ ಮೊಡವೆಗಳಲ್ಲ. ಕೆನ್ನೆಯ ಆಳದಲ್ಲಿ ಗಂಟುಕಟ್ಟಿ, ಕೀವು ತುಂಬಿ, ಮಾಗಿದ ಮೇಲೂ ಗುಳಿ ಬಿಟ್ಟುಹೋಗುವಂಥವು. ವಯೋಸಹಜವೆಂದು ನಾನು ನಾಲ್ಕು ವರ್ಷ ಸುಮ್ಮನಿದ್ದೆ. ಆ ನಾಲ್ಕು ವರ್ಷಗಳ ಅವಳ ಭಾವಚಿತ್ರ ಒಂದೂ ನಮ್ಮಲ್ಲಿಲ್ಲ.

ಕೊನೆಗೆ ಒಂದು ದೀಪಾವಳಿ ಕಳೆದ ಮೇಲೆ, ಕಲ್ಲಟ್ಟಿಯ 36 ತಿರುವುಗಳನ್ನಿಳಿದು ಮಸಿನಗುಡಿಯ ಮೂಲಕ ಮೈಸೂರಿನ ಚರ್ಮವೈದ್ಯರಲ್ಲಿಗೆ ಹೋದೆವು. ಅವರು ಬರೆದದ್ದು ಐಸೊಟ್ರೆಟಿನಾಯಿನ್ ಗುಳಿಗೆ. ಎ ಜೀವಸತ್ವದ ಬಳಗಕ್ಕೆ ಸೇರಿದ ಈ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1982ರಲ್ಲಿ. ಚರ್ಮದ ಎಣ್ಣೆಗ್ರಂಥಿಗಳನ್ನೇ ಅದು ಕುಗ್ಗಿಸುತ್ತದೆ. ಯಕೃತ್ತಿನ, ಕೊಬ್ಬಿನ ರಕ್ತಪರೀಕ್ಷೆ ಆಗಬೇಕು, ಊಟದೊಡನೆ ಸೇವಿಸಬೇಕು, ಮನಸ್ಸು ಕುಗ್ಗಿದರೆ ಕೂಡಲೇ ತಿಳಿಸಬೇಕು ಎಂದರು. ಬಳಿಕ ನನ್ನನ್ನು ಹೊರಗೆ ಕಳುಹಿಸಿ ಮಗಳೊಡನೆ ಮಾತನಾಡಿದರು. ಗುಳಿಗೆ ನಡೆಯುವಷ್ಟು ಕಾಲವೂ, ನಿಲ್ಲಿಸಿದ ಮೇಲೆ ಒಂದು ತಿಂಗಳೂ ಗರ್ಭ ನಿಲ್ಲಕೂಡದು. ನಿಂತರೆ ಶಿಶುವಿಗೆ ತೀವ್ರ ಅಂಗವೈಕಲ್ಯದ ಅಪಾಯ. ಮದುವೆಯಾಗದವಳಿಗೆ ಇದೆಂಥ ಮಾತು ಎಂದು ನಾನು ದಾರಿಯುದ್ದಕ್ಕೂ ಗೊಣಗಿದೆ. ರಾತ್ರಿ 9ಕ್ಕೆ ಬಂಡೀಪುರದ ದಾರಿ ಮುಚ್ಚುವ ಅವಸರ ಬೇರೆ.

ಮೊದಲ ತಿಂಗಳು ಮೊಡವೆ ಇನ್ನಷ್ಟು ಕೆರಳಿತು. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವ ನಮ್ಮೂರಿನ ಜನವರಿಯಲ್ಲಿ ಅವಳ ತುಟಿ ಬಿರಿದು ರಕ್ತ ಒಸರುತ್ತಿತ್ತು. ಚಳಿಯೂರಾದರೂ ಇಷ್ಟು ಎತ್ತರದಲ್ಲಿ ಬಿಸಿಲು ಸುಡುತ್ತದೆ, ಕೊಡೆಯಿಲ್ಲದೆ ಹೊರಡುವಂತಿರಲಿಲ್ಲ. ಮಾರ್ಚ್ ವೇಳೆಗೆ ಕೆನ್ನೆ ತಿಳಿಯಾಗತೊಡಗಿತು.

ಆಗಲೇ ಸಂಬಂಧವೊಂದು ಕೂಡಿಬಂದದ್ದು. ಗಂಡಿನ ಕಡೆಯವರು ವೈಶಾಖದಲ್ಲೇ ಮುಹೂರ್ತ ಬಯಸಿದರು. ಗುಳಿಗೆ ಮುಗಿಯುವುದೂ ಆಗಲೇ. ಮುಖ ಹೇಗೂ ತಿಳಿಯಾಗಿದೆ, ಈಗಲೇ ನಿಲ್ಲಿಸಿಬಿಡು, ಅವರಿಗೆ ಏನೂ ಹೇಳುವುದು ಬೇಡ ಎಂದೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

“ಅಪ್ಪಾ, ಗುಳಿಗೆ ನಿಲ್ಲಿಸುವುದಿಲ್ಲ. ಮುಹೂರ್ತವನ್ನೇ ಮುಂದೆ ಹಾಕಿಸಿ. ಇಲ್ಲವಾದರೆ ನಾನೇ ಹೇಳುತ್ತೇನೆ” ಎಂದಳು.

ನನ್ನ ಬಾಯಿ ಏಳಲಿಲ್ಲ. ಅವಳೇ ದೂರವಾಣಿಯಲ್ಲಿ ಹುಡುಗನ ತಾಯಿಗೆ ಎಲ್ಲವನ್ನೂ ತಿಳಿಸಿದಳು. ಆಕೆ ಬಹಳ ಹೊತ್ತು ಕೇಳಿ, “ನಡುವೆ ಆಷಾಢ ಬರುತ್ತದಲ್ಲಮ್ಮ, ಶ್ರಾವಣಕ್ಕೆ ಇಟ್ಟುಕೊಳ್ಳೋಣ” ಎಂದರಂತೆ.

ಮದುವೆಯ ಮಾರನೆಯ ವಾರ ನೆರೆಮನೆಯ ಹುಡುಗಿ ಬಂದು, ಗುಳಿಗೆ ಉಳಿದಿದ್ದರೆ ಕೊಡು ಅಕ್ಕಾ ಎಂದು ಕೇಳಿದಳು. ಮಗಳು ಕೊಡಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ವೈದ್ಯರ ವಿಳಾಸ ಬರೆದುಕೊಟ್ಟಳು.