ಅವ್ವನ ಕೆನ್ನೆಯ ಗಾಯ

ಸಿದ್ದಾಪುರ ಸೀಮೆಯ ಒಡೆಯರ ಅಂಗಳದಲ್ಲಿ ಅವ್ವ ನಲವತ್ತು ವರ್ಷ ಅಡಿಕೆ ಸುಲಿದಳು. ಮೆಟ್ಟುಗತ್ತಿಯ ಮುಂದೆ ನಿದ್ದೆ ಬರಬಾರದು, ಹಸಿವು ಗೊತ್ತಾಗಬಾರದು. ಅದಕ್ಕೇ ಬಾಯಲ್ಲಿ ಕವಳ, ಕವಳದಲ್ಲಿ ಹೊಗೆಸೊಪ್ಪು. ಹೊಗೆಸೊಪ್ಪು ಬಿಟ್ಟರೂ ಅಡಿಕೆಯೇ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು 2004ರಲ್ಲೇ ಪ್ರಕಟಿಸಿದ್ದರು. ನಮ್ಮ ಕೇರಿಗೆ ಆ ಸುದ್ದಿ ಮುಟ್ಟಿದ್ದು ಅವ್ವನ ಕೆನ್ನೆ ತೂತಾದ ಮೇಲೆ.

ಗಡ್ಡೆ ಚರ್ಮ ಒಡೆದು ಹೊರಗೆ ಬಂತು. ಕೀವು, ರಕ್ತ, ನಾತ. "ಕೆಂಡ ಇಟ್ಟಂಗೆ ಆಗ್ತದೆ ತಮಾ" ಅಂತ ರಾತ್ರಿಯೆಲ್ಲ ಕೂತೇ ಇರುತ್ತಿದ್ದಳು. ಒಡೆಯರ ಬಾಗಿಲಾಚೆ ನಿಂತು ಬಾಳಿದವಳು ಅವಳು. ಈಗ ಕೇರಿಯವರೇ ಮೂಗು ಮುಚ್ಚಿ ನಮ್ಮ ಬಾಗಿಲಾಚೆ ನಿಂತು ಮಾತಾಡಿಸಿ ಹೋದರು. ಸುಳ್ಳು ಯಾಕೆ, ನಾನೂ ಚಾಪೆ ಎತ್ತಿಕೊಂಡು ಜಗಲಿಗೆ ಬಂದೆ.

ಒಂದು ಆಸ್ಪತ್ರೆಯಲ್ಲಿ ನರ್ಸಮ್ಮ ಬ್ಯಾಂಡೇಜನ್ನು ದೂರದಿಂದ ಎಸೆದು "ನೀನೇ ಕಟ್ಟು" ಅಂದಳು. ಮಾರ್ಫಿನ್ ಕೇಳಿದರೆ "ಅಮಲಿನ ಪದಾರ್ಥ, ನಾವು ಇಡಂಗಿಲ್ಲ" ಅಂದರು. 1985ರ ಮಾದಕ ವಸ್ತು ಕಾಯ್ದೆ ಡಾಕ್ಟರುಗಳ ಕೈ ಕಟ್ಟಿತ್ತು, ನಿಜ. ಆದರೆ 2014ರ ತಿದ್ದುಪಡಿಯಲ್ಲಿ ಹಲವು ಲೈಸೆನ್ಸುಗಳು ಹೋಗಿ, ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕೆಂದಾಗಿತ್ತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರವೇ ಪರವಾನಗಿ ಕೊಟ್ಟು ಅಫೀಮು ಬೆಳೆಸುತ್ತದೆ. ಅದು ಅವ್ವನ ಕೆನ್ನೆಯ ತನಕ ಬರಲಿಲ್ಲ.

ಶಿರಸಿ, ಯಲ್ಲಾಪುರ ದಾಟಿ ಹುಬ್ಬಳ್ಳಿಗೆ ಹೋದೆವು. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋದರು. ಅಲ್ಲೊಬ್ಬ ಡಾಕ್ಟರಮ್ಮ ಮಾರ್ಫಿನ್ ಮಾತ್ರೆ ಕೊಟ್ಟರು. ಮಂಪರು ಬಂತು, ಮಲ ಕಟ್ಟಿತು, ಗಾಯದ ಉರಿ ಉಳಿಯಿತು. ಆಮೇಲೆ ಅವರು ಹಚ್ಚುವ ಮದ್ದನ್ನೇ ಮಾಡಿದರು. ಗಾಯಕ್ಕೆ ಹಾಕುವ ಶುದ್ಧ ಜೆಲ್ಲಿಗೆ ಇಂಜೆಕ್ಷನ್ನಿನ ಮಾರ್ಫಿನ್ ಬೆರೆಸಿದ್ದು, 1 ಗ್ರಾಮಿಗೆ ಸುಮಾರು 1 ಮಿಲಿಗ್ರಾಂ. ಬಾತ ಗಾಯದ ನರಗಳ ತುದಿಯಲ್ಲೇ ಮಾರ್ಫಿನ್ ಹಿಡಿಯುವ ಜಾಗಗಳಿರುತ್ತವಂತೆ. ನೋವು ಅಲ್ಲೇ ತಗ್ಗುತ್ತದೆ, ರಕ್ತಕ್ಕೆ ಸೇರುವುದು ಸಾಮಾನ್ಯವಾಗಿ ಕಡಿಮೆ. "ಎಲ್ಲರಿಗೂ ನಾಟಲ್ಲ, ದೊಡ್ಡ ಪರೀಕ್ಷೆಗಳೂ ಆಗಿಲ್ಲ, ನೋಡೋಣ" ಅಂತಲೂ ಅಂದರು. ನಾತಕ್ಕೆ ಮೆಟ್ರೊನಿಡಜೋಲ್ ಮಾತ್ರೆಯ ಪುಡಿ ಉದುರಿಸಿದರು. ಅಗ್ಗದ ಮಾತ್ರೆ, ಇಷ್ಟು ದಿನ ಅದನ್ನಾದರೂ ಯಾರೂ ಹೇಳಿರಲಿಲ್ಲ.

ಕೈಗವಸು ಹಾಕಿ, ಅವ್ವನ ಗದ್ದ ಹಿಡಿದು, ಮೆಲ್ಲಗೆ ಸವರಿದರು. ಅವ್ವ ಅತ್ತಳು. ನೋವಾಯಿತೇನೋ ಅಂದುಕೊಂಡೆ. ತಿರುಗಿ ಬರುವಾಗ ಬಸ್ಸಿನಲ್ಲಿ ಹೇಳಿದಳು: "ಡಾಕ್ಟರಮ್ಮ ಮುಟ್ಟಿದ್ರಲ್ಲೋ."

ಕೊನೆಯ ಎರಡು ತಿಂಗಳು ನಾನೇ ಹಚ್ಚಿದೆ. ಚಾಪೆ ಒಳಗೆ ತಂದೆ. ಉರಿ ಪೂರ್ತಿ ಹೋಗಲಿಲ್ಲ, ಆದರೆ ರಾತ್ರಿ ಮೂರು ತಾಸು ನಿದ್ದೆ ಮಾಡಿದಳು. ವಾರಕ್ಕೊಮ್ಮೆ ಜೆಲ್ ಮುಗಿದರೆ ಮತ್ತೆ ಹುಬ್ಬಳ್ಳಿ. ಬಸ್ ಚಾರ್ಜೂ ಹೋಯಿತು, ಆ ದಿನದ ಕೂಲಿಯೂ ಹೋಯಿತು.

ಪಕ್ಕದ ಮನೆಯ ಅಣ್ಣನಿಗೆ ಈಗ ಬಾಯಿ ಅಗಲಿಸಲು ಬರುವುದಿಲ್ಲ. ಅವನೂ ಸುಲಿಯುವವನೇ. ಮೊನ್ನೆ ಬಂದು, ಹುಬ್ಬಳ್ಳಿ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದ.