ಆರನೆಯ ಬೆರಳು, ಎರಡನೆಯ ಲೋಕ

ಬಂಡೆಯ ಮೇಲೊಂದು ಒದ್ದೆ ಕಾಲಿನ ಗುರುತು. ನೀರಾಡಿ ಎದ್ದುಹೋದ ಪುಟ್ಟ ಹುಡುಗಿಯ ಹೆಜ್ಜೆ. ಎಣಿಸಿದರೆ ಬೆರಳು ಐದಲ್ಲ, ಆರು! ಅದನ್ನು ಕಂಡ ಹುಡುಗನೊಬ್ಬ ಚಾಡಿ ಹೇಳುತ್ತಾನೆ. ಹುಡುಗಿಯ ತಂದೆ-ತಾಯಿ ಮಗಳನ್ನು ಕಟ್ಟಿಕೊಂಡು ರಾತ್ರೋರಾತ್ರಿ ಊರು ಬಿಡುತ್ತಾರೆ.

ಇದು ಇಂಗ್ಲೆಂಡಿನ ಜಾನ್ ವಿಂಡಮ್ 1955ರಲ್ಲಿ ಬರೆದ ‘ದಿ ಕ್ರಿಸಲಿಡ್ಸ್’ ಕಾದಂಬರಿಯ ಒಂದು ಘಟನೆ. ಪರಮಾಣು ಯುದ್ಧದಂಥ ಮಹಾನಾಶದಿಂದ ಜಗತ್ತು ಹಾಳಾಗಿ ಎಷ್ಟೋ ತಲೆಮಾರು ಕಳೆದಿವೆ. ಅಳಿದುಳಿದ ಜನ ಲ್ಯಾಬ್ರಡಾರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾರೆ. ಅವರ ಧರ್ಮದಲ್ಲಿ ಬೇರೆಯಾಗಿ ಹುಟ್ಟಿದ್ದೆಲ್ಲ ಪಾಪ. ತೆನೆ ವಿಚಿತ್ರವಾಗಿದ್ದರೆ ಹೊಲಕ್ಕೆ ಬೆಂಕಿ, ಕರು ವಿಚಿತ್ರವಾಗಿದ್ದರೆ ಅದಕ್ಕೆ ಕತ್ತಿ, ಮನುಷ್ಯನಾದರೆ ಗಡಿಪಾರು. ಸೋಫಿ ಎಂಬ ಆ ಹುಡುಗಿಯ ತಾಯಿ ಮಗಳ ಕಾಲಿನಿಂದ ಬೂಟು ಕಳಚದಂತೆ ವರ್ಷಗಟ್ಟಲೆ ಕಾದಿದ್ದಳು. ಆಕೆಯ ಗೆಳೆಯ ಡೇವಿಡ್‌ನದು ಇನ್ನೂ ದೊಡ್ಡ ಗುಟ್ಟು. ಅವನೂ ಕೆಲವು ಮಕ್ಕಳೂ ಬಾಯಿ ತೆರೆಯದೆ ಮನಸ್ಸಿನಲ್ಲೇ ಮಾತಾಡಬಲ್ಲರು. ಬೆರಳನ್ನು ಎಣಿಸಬಹುದು, ಮನಸ್ಸನ್ನು ಎಣಿಸುವವರು ಯಾರು?

ಗೋಕಾಕದ ಸಂತೆಯಲ್ಲಿ ನಿಂತು ಈ ಕಥೆ ಹೇಳಿದರೆ ಜನ ನಕ್ಕಾರು. ಈ ಸೀಮೆಯಲ್ಲಿ ಆರು ಬೆರಳಿನ ಕೂಸು ಹುಟ್ಟಿದರೆ ‘ದೈವವಂತ’ ಎನ್ನುವವರೇ ಹೆಚ್ಚು. ಸರಿ. ಆದರೆ ಕಿವಿ ಕೇಳದ ಕೂಸು ಹುಟ್ಟಿದರೆ? ಆಗ ಹಿಂದಿನ ಜನ್ಮದ ಕರ್ಮ, ಗ್ರಹಣ, ಯಾರದೋ ಕಣ್ಣು ಎಲ್ಲವೂ ನೆನಪಾಗುತ್ತವೆ. ಅಕ್ಕನಿಗೆ ವರ ನೋಡಲು ಬಂದಾಗ ಆ ಕೂಸನ್ನು ಹಿತ್ತಲ ಕೋಣೆಗೆ ಕಳಿಸುವ ಮನೆಗಳು ಇಲ್ಲವೆನ್ನಲಾಗದು. ಸೋಫಿಯ ಬೂಟು ಇಲ್ಲಿಯೂ ಇದೆ.

ವಿಜ್ಞಾನ ಏನು ಹೇಳುತ್ತದೆ? ಎಕ್ಸ್‌-ಕಿರಣ ಹಾಯಿಸಿದರೆ ಹಣ್ಣಿನ ನೊಣಗಳಲ್ಲಿ ಉತ್ಪರಿವರ್ತನೆಗಳು, ಅಂದರೆ ಮ್ಯುಟೇಶನ್‌ಗಳು, ಹೆಚ್ಚುತ್ತವೆ ಎಂದು ಅಮೆರಿಕದ ಹರ್ಮನ್ ಮುಲ್ಲರ್ 1927ರಲ್ಲಿ ತೋರಿಸಿದ. ಹಿರೋಶಿಮಾದ ನಂತರ ಕಥೆಗಾರರಿಗೆ ಇದೇ ಹಬ್ಬವಾಯಿತು. ಮನಸ್ಸನ್ನು ಓದುವ ಮಕ್ಕಳು ಸಾಲುಗಟ್ಟಿ ಬಂದರು. ಅಂಥ ಮಕ್ಕಳು ಹುಟ್ಟುವುದಿಲ್ಲ, ಅದು ಬರೀ ಕಥೆ. ಆದರೆ ಮರೆಯಲ್ಲಿರುವ ಮ್ಯುಟೆಂಟ್ ಕಥೆಯಲ್ಲ. ಹುಟ್ಟುವ ಪ್ರತಿ ಕೂಸಿನಲ್ಲೂ ತಂದೆ-ತಾಯಿಯಲ್ಲಿಲ್ಲದ ಸುಮಾರು 60-70 ಹೊಸ ಬದಲಾವಣೆಗಳಿರುತ್ತವೆ. ಹೆಚ್ಚಿನವು ಏನೂ ಮಾಡುವುದಿಲ್ಲ. ಇದರ ಜೊತೆಗೆ ಹಿರಿಯರಿಂದ ಬಂದ ಕೆಲವು ಕೆಟ್ಟ ಜೀನುಗಳೂ ಪ್ರತಿಯೊಬ್ಬರಲ್ಲಿ ಸದ್ದಿಲ್ಲದೆ ಕುಳಿತಿರುತ್ತವೆ. ಜೋಡಿಯ ಇನ್ನೊಂದು ಜೀನು ಸರಿಯಿರುವ ತನಕ ಅವುಗಳ ಸುಳಿವು ಸಿಗದು. ಒಳಕಿವಿಗೆ ಬೇಕಾದ ‘ಕನೆಕ್ಸಿನ್ 26’ ಎಂಬ ಪ್ರೋಟೀನಿನ ಜೀನು ಇಂಥದ್ದು. ಅದು ಕೆಟ್ಟರೆ ಹುಟ್ಟುಕಿವುಡು ಬರುತ್ತದೆ. ಆದರೆ ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದಾಗ ಮಾತ್ರ. ಇಬ್ಬರೂ ಅದನ್ನು ಹೊತ್ತವರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಸಾಧ್ಯತೆ.

ಇಲ್ಲಿ ಸೋದರಿಕೆಯ ಮಾತು ಬಾರದೆ ಇರದು. ಕರ್ನಾಟಕದಲ್ಲಿ ನಾಲ್ಕರಲ್ಲೊಂದರಷ್ಟು ಮದುವೆಗಳು ರಕ್ತಸಂಬಂಧದೊಳಗೇ ಆಗಿವೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮೂಡಲಗಿಯಿಂದ ಹುಕ್ಕೇರಿಯ ತನಕ ಯಾವ ಕಟ್ಟೆಯ ಮೇಲೆ ಕೇಳಿದರೂ ಒಂದೇ ಉತ್ತರ: “ಹೊರಗಿನವರಿಗೆ ಯಾಕ ಕೊಡೂದ್ರೀ? ಹೊಲಾ ಮನೀ ಒಳಗ ಉಳೀತಾವ, ಹುಡುಗಿನೂ ಕಣ್ಣ ಮುಂದ ಇರ್ತಾಳ.” ಆ ಲೆಕ್ಕವನ್ನು ಸುಳ್ಳೆನ್ನುವಂತಿಲ್ಲ. ಆದರೆ ಜೀನಿನ ಲೆಕ್ಕ ಬೇರೆ. ಅತ್ತೆಯ ಮಗ, ಸೋದರಮಾವನ ಮಗಳು ಸರಾಸರಿ ಎಂಟರಲ್ಲೊಂದು ಪಾಲು ಜೀನುಗಳನ್ನು ಹಂಚಿಕೊಂಡಿರುತ್ತಾರೆ. ಅಕ್ಕನ ಮಗಳು, ತಮ್ಮ ನಾಲ್ಕರಲ್ಲೊಂದು ಪಾಲು. ಇಬ್ಬರಲ್ಲೂ ಒಂದೇ ಕೆಟ್ಟ ಪ್ರತಿ ಅಡಗಿರುವ ಸಂಭವ ಅಷ್ಟರಮಟ್ಟಿಗೆ ಹೆಚ್ಚು. ಇಂಥ ಹೆಚ್ಚಿನ ದಂಪತಿಗಳ ಮಕ್ಕಳು ಗಟ್ಟಿಮುಟ್ಟಾಗಿಯೇ ಇರುತ್ತಾರೆ, ಹೆದರಿಸಬೇಕಾಗಿಲ್ಲ. ತೊಂದರೆಯಾದಾಗ ಸೊಸೆಯೊಬ್ಬಳ ಮೇಲೆ ತಪ್ಪು ಹೊರಿಸುವುದು ಮಾತ್ರ ಶುದ್ಧ ಅಜ್ಞಾನ. ಅರ್ಧ ಪಾಲು ಮಗನದು.

ಇನ್ನು ಸಮಾಂತರ ಲೋಕದ ಕಥೆಗಳು. ಬೆಳಗಾವಿ ಗಡಿಯ ಆಚೆಗಿರುವ ಕೊಲ್ಲಾಪುರದಲ್ಲಿ 1938ರಲ್ಲಿ ಹುಟ್ಟಿ, 2025ರಲ್ಲಿ ತೀರಿಕೊಂಡ ಖಗೋಳ ವಿಜ್ಞಾನಿ ಜಯಂತ ನಾರಳೀಕರ ಮರಾಠಿಯಲ್ಲಿ ಇಂಥದೊಂದು ಕಥೆ ಬರೆದರು. ಎನ್‌ಸಿಇಆರ್‌ಟಿಯ 11ನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಅದನ್ನು ‘ದಿ ಅಡ್ವೆಂಚರ್’ ಎಂದು ಓದಿದವರಿದ್ದಾರೆ. ಇತಿಹಾಸದ ಪ್ರಾಧ್ಯಾಪಕನೊಬ್ಬ ಅಪಘಾತಕ್ಕೆ ಸಿಕ್ಕು ಇನ್ನೊಂದು ಭಾರತಕ್ಕೆ ಹೋಗುತ್ತಾನೆ. ಅಲ್ಲಿ 1761ರ ಪಾಣಿಪತ್ ಯುದ್ಧವನ್ನು ಮರಾಠರೇ ಗೆದ್ದಿದ್ದಾರೆ. ಕಾರಣ ಇಷ್ಟೇ: ವಿಶ್ವಾಸರಾಯನಿಗೆ ತಗುಲಬೇಕಿದ್ದ ಗುಂಡು ಕೂದಲೆಳೆಯಷ್ಟು ಪಕ್ಕಕ್ಕೆ ಹೋಯಿತು! ಪ್ರತಿ ಸಾಧ್ಯತೆಯೂ ತನ್ನದೇ ಲೋಕವಾಗಿ ಕವಲೊಡೆಯುತ್ತದೆ ಎಂದು ಹ್ಯೂ ಎವರೆಟ್ ಎಂಬ ಭೌತವಿಜ್ಞಾನಿ 1957ರಲ್ಲಿ ಗಂಭೀರವಾಗಿಯೇ ವಾದಿಸಿದ್ದ. ಆ ವಾದ ಇಂದಿಗೂ ಇತ್ಯರ್ಥವಾಗಿಲ್ಲ.

ಹುಕ್ಕೇರಿ ತಾಲೂಕಿನವರಿಗೆ ಕವಲಿನ ಅರ್ಥ ತಿಳಿಯಲು ಭೌತವಿಜ್ಞಾನ ಬೇಕಿಲ್ಲ. ಬೇಸಗೆಯಲ್ಲಿ ಹಿಡಕಲ್ ಜಲಾಶಯದ ನೀರು ಇಳಿದಾಗ ಮುಳುಗಡೆಯಾದ ಹಳೆಯ ಹುನ್ನೂರಿನ ವಿಠ್ಠಲನ ಗುಡಿ ಮೇಲೇಳುತ್ತದೆ. ಅಣೆಕಟ್ಟು ಆಗದಿದ್ದರೆ ಅಲ್ಲಿ ಇಂದಿಗೂ ದೀಪ ಉರಿಯುತ್ತಿತ್ತು. ಕೆಳಗೆ ಮೂಡಲಗಿಯ ಕಡೆಯ ಕಾಲುವೆಗೆ ಇಷ್ಟು ನೀರು ಬರುತ್ತಿರಲಿಲ್ಲ. ಎರಡು ಲೋಕ, ನಡುವೆ ಒಂದು ಗೋಡೆ.

ಕಿವಿ ಕೇಳದೆ ಹುಟ್ಟಿದ ಕೂಸಿನ ಮುಂದೆಯೂ ಇಂಥ ಎರಡು ಲೋಕಗಳಿರುತ್ತವೆ. ಕೂಸೂ ಅದೇ, ಜೀನೂ ಅದೇ. ಒಂದು ಲೋಕದಲ್ಲಿ “ಅವರಪ್ಪನೂ ತಡವಾಗೇ ಮಾತಾಡಿದ್ದ” ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ, ಹರಕೆ ಕಟ್ಟುತ್ತಾರೆ, ಶಾಲೆಗೆ ಹಾಕುವ ವಯಸ್ಸಿನಲ್ಲಿ ನಿಜ ತಿಳಿಯುತ್ತದೆ. ಅಷ್ಟು ಹೊತ್ತಿಗೆ ಮಿದುಳು ಭಾಷೆಯನ್ನು ಸುಲಭವಾಗಿ ಹಿಡಿಯುವ ವರ್ಷಗಳು ಕೈಬಿಟ್ಟು ಹೋಗಿರುತ್ತವೆ. ಇನ್ನೊಂದು ಲೋಕದಲ್ಲಿ ಆರು ತಿಂಗಳೊಳಗೇ ಗೊತ್ತಾಗುತ್ತದೆ. ಶ್ರವಣಯಂತ್ರವೋ, ಕಾಕ್ಲಿಯರ್ ಇಂಪ್ಲಾಂಟೋ, ಕೈಸನ್ನೆಯ ಭಾಷೆಯೋ, ಯಾವುದಾದರೊಂದು ದಾರಿ ಬೇಗ ತೆರೆಯುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಕಿವುಡಿನ ತಪಾಸಣೆಯೂ ಸೇರಿದೆ.

ಬೆನ್ನ ಹಿಂದೆ ತಟ್ಟೆ ಬಡಿದು ನೋಡುವ ಮನೆಯ ಪರೀಕ್ಷೆಯನ್ನು ನಂಬುವಂತಿಲ್ಲ. ಗಾಳಿಯ ಅಲುಗಾಟಕ್ಕೂ, ನೆರಳಿಗೂ ಕೂಸು ತಿರುಗೀತು. ಆಸ್ಪತ್ರೆಯಲ್ಲಿ ಕಿವಿಗೆ ಮೆತ್ತನೆಯ ಸಣ್ಣ ನಳಿಗೆ ಇಟ್ಟು ಸದ್ದು ಕಳಿಸುತ್ತಾರೆ. ಆರೋಗ್ಯವಾದ ಒಳಕಿವಿ ತಾನೂ ಒಂದು ಸಣ್ಣ ಸದ್ದನ್ನು ಹಿಂದಕ್ಕೆ ಕಳಿಸುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ನೋವಿಲ್ಲ, ಸೂಜಿಯಿಲ್ಲ, ಕೆಲವೇ ನಿಮಿಷದ ಕೆಲಸ. ಕೂಸು ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು.